ಬೇರೆಯವರಿಗಾಗಿ ಪ್ರಾರ್ಥನೆ: ಬೇಡುವುದು ಹೇಗೆ, ಬೇಡಿ ಬಿಡುವುದು ಹೇಗೆ

"ನಿಮಗೋಸ್ಕರ ಪ್ರಾರ್ಥನೆ ಮಾಡ್ತೀನಿ." ವಿಶ್ವಾಸಿಗಳ ಬಾಯಲ್ಲಿ ಇಷ್ಟು ಸಲೀಸಾಗಿ ಬರುವ ಮಾತು ಇನ್ನೊಂದಿಲ್ಲ, ಇಷ್ಟು ಬೇಗ ಮರೆತುಹೋಗುವ ಮಾತೂ ಇನ್ನೊಂದಿಲ್ಲ. ಹಾಗೆಂದು ಹೇಳಿದವರದು ಕಪಟವಲ್ಲ. ರಾತ್ರಿ ಮೊಣಕಾಲೂರಿದಾಗ ಹೆಸರು ನೆನಪಾಗುವುದಿಲ್ಲ. ನೆನಪಾದರೂ "ಅವರನ್ನು ಆಶೀರ್ವದಿಸು ಕರ್ತನೇ" ಎಂಬುದಕ್ಕಿಂತ ಮುಂದೆ ಮಾತು ಹೊರಡುವುದಿಲ್ಲ. ಇನ್ನೊಂದು ಬಗೆಯವರೂ ಇದ್ದಾರೆ. ಅವರು ಮರೆಯುವುದೇ ಇಲ್ಲ. ಒಂದು ಗಂಟೆ ಕಣ್ಣೀರಿಟ್ಟು ಪ್ರಾರ್ಥಿಸಿ ಏಳುವಾಗ ಅವರ ಎದೆಯ ಮೇಲಿನ ಕಲ್ಲು ಇನ್ನಷ್ಟು ಭಾರವಾಗಿರುತ್ತದೆ, ನಿದ್ದೆಯೂ ಹತ್ತುವುದಿಲ್ಲ. ಮೊದಲನೆಯವರು ಬೇಡಲೇ ಇಲ್ಲ. ಎರಡನೆಯವರು ಬೇಡಿದರು, ಆದರೆ ಕೊಟ್ಟು ಬರಲಿಲ್ಲ. ವಿಜ್ಞಾಪನಾ ಪ್ರಾರ್ಥನೆಯಲ್ಲಿ, ಅಂದರೆ ಬೇರೆಯವರ ಪರವಾಗಿ ಬೇಡುವ ಪ್ರಾರ್ಥನೆಯಲ್ಲಿ, ಈ ಎರಡೂ ಕೆಲಸಗಳಿವೆ, ಒಂದನ್ನು ಬಿಟ್ಟು ಇನ್ನೊಂದು ನಡೆಯುವುದಿಲ್ಲ.

ಮೊದಲು ಒಂದು ಗೊಂದಲ ತಿಳಿಯಾಗಲಿ. ಪೌಲನು ತಿಮೊಥೆಗೆ ಬರೆದ ಮೊದಲ ಪತ್ರದ 2ನೇ ಅಧ್ಯಾಯದ ಮೊದಲ ವಚನದಲ್ಲಿ ಎಲ್ಲ ಮನುಷ್ಯರಿಗಾಗಿ ವಿಜ್ಞಾಪನೆ, ಪ್ರಾರ್ಥನೆ, ಮನವಿ, ಕೃತಜ್ಞತಾಸ್ತುತಿ ಸಲ್ಲಿಸಬೇಕೆಂದು ಹೇಳುತ್ತಾನೆ. ನಾಲ್ಕು ವಚನ ಮುಂದೆ ಹೋದರೆ, ದೇವರಿಗೂ ಮನುಷ್ಯರಿಗೂ ಮಧ್ಯಸ್ಥನು ಒಬ್ಬನೇ, ಆತನು ಕ್ರಿಸ್ತ ಯೇಸು ಎಂದೂ ಅವನೇ ಬರೆಯುತ್ತಾನೆ. ಮಧ್ಯಸ್ಥನು ಒಬ್ಬನೇ ಆದಮೇಲೆ ನಮ್ಮ ಮಧ್ಯಸ್ಥಿಕೆ ಎಲ್ಲಿಂದ ಬಂತು? ಉತ್ತರ ಇಬ್ರಿಯ 7:25ರಲ್ಲೂ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲೂ ಇದೆ. ಕ್ರಿಸ್ತನು ನಮಗಾಗಿ ಸದಾ ವಿಜ್ಞಾಪನೆ ಮಾಡುತ್ತಿದ್ದಾನೆ. ಏನು ಬೇಡಬೇಕೆಂದು ನಮಗೆ ತೋಚದಾಗ ಪವಿತ್ರಾತ್ಮನು ಮಾತಿಗೆ ನಿಲುಕದ ನರಳಾಟದಿಂದ ಬೇಡುತ್ತಾನೆ. ಅಂದರೆ ಪ್ರಾರ್ಥನೆಯನ್ನು ಶುರುಮಾಡುವವರು ನಾವಲ್ಲ. ಆಗಲೇ ನಡೆಯುತ್ತಿರುವ ಒಂದು ಪ್ರಾರ್ಥನೆಗೆ ನಾವು ಹೋಗಿ ದನಿಗೂಡಿಸುತ್ತೇವೆ, ಅಷ್ಟೆ.

ಇದು ಬರೀ ಸಿದ್ಧಾಂತದ ಮಾತಲ್ಲ, ದಿನಬಳಕೆಯ ಮಾತು. ಆಸ್ಪತ್ರೆಯಲ್ಲಿ ಮಲಗಿದ ಅಕ್ಕನಿಗಾಗಿ ಪ್ರಾರ್ಥಿಸುತ್ತಾ ನೀವು ನಿದ್ದೆಹೋದರೆ ಆಕೆಗಾಗಿ ನಡೆಯುವ ಪ್ರಾರ್ಥನೆ ನಿಂತುಹೋಗುವುದಿಲ್ಲ. "ಯೇಸುವಿನ ನಾಮದಲ್ಲಿ" ಎಂದು ಕೊನೆಯಲ್ಲಿ ಹೇಳುವುದೂ ಅರ್ಜಿ ಪಾಸಾಗಲೆಂದು ಒತ್ತುವ ಮೊಹರಲ್ಲ. ನನ್ನ ಯೋಗ್ಯತೆಯ ಮೇಲಲ್ಲ, ಆತನ ಯೋಗ್ಯತೆಯ ಮೇಲೆ ಈ ಬಾಗಿಲಿಗೆ ಬಂದಿದ್ದೇನೆ ಎಂದು ಒಪ್ಪಿಕೊಳ್ಳುವುದು ಅದು. (ಕಥೋಲಿಕ ಮತ್ತು ಆರ್ಥೊಡಾಕ್ಸ್ ಸಭೆಗಳವರು ಪರಲೋಕದಲ್ಲಿರುವ ಸಂತರನ್ನೂ ತಮಗಾಗಿ ಪ್ರಾರ್ಥಿಸಿರೆಂದು ಕೇಳಿಕೊಳ್ಳುತ್ತಾರೆ, ಪ್ರೊಟೆಸ್ಟೆಂಟ್ ಸಭೆಗಳವರು ಕೇಳುವುದಿಲ್ಲ. ಆದರೂ ಬದುಕಿರುವವರು ಒಬ್ಬರಿಗಾಗಿ ಒಬ್ಬರು ಬೇಡಬೇಕೆಂಬುದರಲ್ಲಿ ಭಿನ್ನಮತವಿಲ್ಲ.)

ದೇವರಿಗೆ ಗೊತ್ತಿಲ್ಲದ್ದನ್ನು ನಾವು ತಿಳಿಸಬೇಕೇ?

ಬೇಡ. ಬೇಡಿಕೊಳ್ಳುವ ಮೊದಲೇ ನಿಮಗೆ ಏನು ಬೇಕೆಂದು ತಂದೆಗೆ ತಿಳಿದಿದೆ ಎಂದು ಯೇಸು ಹೇಳುವುದು ಮತ್ತಾಯ 6:8ರಲ್ಲಿ. ಅದರ ಮರು ವಚನದಲ್ಲೇ ಪ್ರಾರ್ಥನೆ ಹೇಗೆ ಮಾಡಬೇಕೆಂದು ಕಲಿಸುತ್ತಾನೆ. ತಿಳಿದಿದೆ ಎಂಬುದು ಬೇಡದೆ ಇರಲು ಕಾರಣವಲ್ಲ, ಧೈರ್ಯವಾಗಿ ಬೇಡಲು ಕಾರಣ. ಹಾಗೆ ಕಲಿಸಿದ ಪ್ರಾರ್ಥನೆಯಲ್ಲಿ "ನನ್ನ" ಎಂಬ ಪದ ಒಂದು ಕಡೆಯೂ ಇಲ್ಲ. ನಮ್ಮ ತಂದೆ, ನಮ್ಮ ಆಹಾರ, ನಮ್ಮ ತಪ್ಪುಗಳು. ಬಾಗಿಲು ಹಾಕಿಕೊಂಡು ಒಬ್ಬರೇ ಹೇಳಿದರೂ ಅದು ಇತರರಿಗಾಗಿಯೂ ಆಡಿದ ಪ್ರಾರ್ಥನೆಯೇ.

ಹಾಗಾದರೆ ಬೇಡುವಾಗ ಏನನ್ನು ಆಧಾರವಾಗಿ ಇಡಬೇಕು? ಜನರು ಬಂಗಾರದ ಬಸವನನ್ನು ಮಾಡಿ ಪೂಜಿಸಿದ ಪ್ರಸಂಗದಲ್ಲಿ ಮೋಶೆ ವಾದಿಸಿದ ರೀತಿ ನೋಡಿ (ವಿಮೋಚನಕಾಂಡ 32:11-13). ಜನರು ಒಳ್ಳೆಯವರು, ಏನೋ ಒಂದು ಸಲ ತಪ್ಪಿದರು ಎಂದು ಅವನು ಹೇಳಲಿಲ್ಲ. ಇವರು ನೀನೇ ಐಗುಪ್ತದಿಂದ ಬಿಡಿಸಿ ತಂದ ಜನ. ಈಗ ಇವರನ್ನು ನಾಶಮಾಡಿದರೆ ಐಗುಪ್ತ್ಯರು ನಿನ್ನ ಬಗ್ಗೆ ಏನೆಂದಾರು. ಅಬ್ರಹಾಮ, ಇಸಾಕ, ಇಸ್ರಾಯೇಲರಿಗೆ ನೀನು ಆಣೆಯಿಟ್ಟು ಹೇಳಿದ್ದನ್ನು ನೆನಪಿಸಿಕೋ. ಮೂರು ವಾದಗಳು, ಮೂರೂ ದೇವರ ಕಡೆಯವು: ಆತನ ಕಾರ್ಯ, ಆತನ ಹೆಸರು, ಆತನ ವಾಗ್ದಾನ. "ಅವನು ತುಂಬಾ ಒಳ್ಳೆಯವನು ಕರ್ತನೇ, ಅವನಿಗೇ ಯಾಕೆ ಹೀಗಾಯಿತು" ಎಂದು ಶುರುಮಾಡುವ ನಮ್ಮ ಪ್ರಾರ್ಥನೆ ಬೇಗ ಬತ್ತಿಹೋಗುವುದು ಅದಕ್ಕೇ. ಮನುಷ್ಯನ ಒಳ್ಳೆಯತನದ ಮೇಲೆ ಕಟ್ಟಿದ ವಾದ ಹೆಚ್ಚು ದೂರ ಹೋಗುವುದಿಲ್ಲ.

ಪಾಪದಿಂದಾಗಿ ನಾಶವಾಗಲಿದ್ದ ಸೊದೋಮ್ ಊರಿಗಾಗಿ ಅಬ್ರಹಾಮನು ಬೇಡಿದ್ದೂ ಇದೇ ಧಾಟಿಯಲ್ಲಿ: ಲೋಕಕ್ಕೆಲ್ಲ ನ್ಯಾಯ ತೀರಿಸುವವನು ನ್ಯಾಯವನ್ನೇ ಮಾಡುವನಲ್ಲವೇ ಎಂದು. 50 ನೀತಿವಂತರಿಂದ ಆರಂಭಿಸಿ 45, 40, 30, 20, 10 ಎಂದು ಐದು ಸಲ ಇಳಿದ. ಹತ್ತಕ್ಕೆ ನಿಲ್ಲಿಸಿದ. ಅಷ್ಟು ಮಂದಿಯೂ ಅಲ್ಲಿರಲಿಲ್ಲ, ಊರು ಉಳಿಯಲಿಲ್ಲ. ಆದರೆ ಆದಿಕಾಂಡ 19:29 ಹೇಳುವುದೇನು? ದೇವರು ಅಬ್ರಹಾಮನನ್ನು ನೆನಪಿಸಿಕೊಂಡು ಅಲ್ಲಿ ವಾಸವಾಗಿದ್ದ ಅವನ ಸೋದರನ ಮಗ ಲೋಟನನ್ನು ಪಾರುಮಾಡಿದನು. ಅಷ್ಟು ಹೊತ್ತಿನ ಚೌಕಾಸಿಯಲ್ಲಿ ಅಬ್ರಹಾಮ ಲೋಟನ ಹೆಸರನ್ನು ಒಮ್ಮೆಯೂ ಎತ್ತಿರಲಿಲ್ಲ.

ಏನನ್ನು ಬೇಡಬೇಕು

ಯಾವುದೇ ಪ್ರಾರ್ಥನಾಕೂಟದಲ್ಲಿ ಬರುವ ಕೋರಿಕೆಗಳನ್ನು ಒಂದು ತಿಂಗಳು ಬರೆದಿಟ್ಟು ನೋಡಿ. ಆರೋಗ್ಯ, ಕೆಲಸ, ಮದುವೆ, ಸಾಲ, ಪರೀಕ್ಷೆ. ಇವುಗಳನ್ನು ಬೇಡುವುದರಲ್ಲಿ ತಪ್ಪೇನೂ ಇಲ್ಲ, ದಿನದ ರೊಟ್ಟಿಯನ್ನೇ ಬೇಡಿರೆಂದು ಕಲಿಸಿದ ಮೇಲೆ ಉಳಿದದ್ದಕ್ಕೆ ಸಂಕೋಚ ಯಾಕೆ? ಆದರೆ ಪೌಲನು ಸೆರೆಯಲ್ಲಿದ್ದುಕೊಂಡು ಬರೆದ ಪತ್ರಗಳಲ್ಲಿ ಬೇರೆಯವರಿಗಾಗಿ ಏನು ಬೇಡುತ್ತಾನೆಂದು ಪಕ್ಕದಲ್ಲಿಟ್ಟು ಓದಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಕೊಲೊಸ್ಸೆಯವರಿಗೆ (1:9-12) ದೇವರ ಚಿತ್ತದ ಅರಿವು, ಅದಕ್ಕೆ ತಕ್ಕ ನಡತೆ, ಸತ್ಕಾರ್ಯಗಳ ಫಲ, ತಾಳ್ಮೆಗೆ ಬೇಕಾದ ಬಲ, ಕೃತಜ್ಞತೆ. ಫಿಲಿಪ್ಪಿಯವರಿಗೆ (1:9-11) ವಿವೇಕದಿಂದ ಕೂಡಿದ ಪ್ರೀತಿ. ಎಫೆಸದವರಿಗೆ (1:16-19) ಒಳಗಣ್ಣು ತೆರೆಯಲಿ ಎಂಬುದು. ಅವರ ಪರಿಸ್ಥಿತಿ ಬದಲಾಗಲಿ ಎಂಬ ಮಾತು ಆ ಸಾಲುಗಳಲ್ಲಿಲ್ಲ.

ಹಾಗಾಗಿ ಒಬ್ಬರ ಹೆಸರಿನ ಮುಂದೆ ಎರಡು ಕೋರಿಕೆ ಬರೆದುಕೊಳ್ಳುವುದು ಒಳ್ಳೆಯದು: ಒಂದು ಹೊರಗಿನದು, ಒಂದು ಒಳಗಿನದು. ಕೆಲಸ ಕಳೆದುಕೊಂಡವರಿಗೆ ಕೆಲಸ ಸಿಗಲಿ, ಸಿಗುವವರೆಗೆ ತಾನು ಯಾರಿಗೂ ಬೇಡವಾದವನು ಎಂಬ ಯೋಚನೆಗೆ ಅವರು ಸೋಲದಿರಲಿ. ಮೊದಲನೆಯದಕ್ಕೆ ಉತ್ತರ ತಡವಾದರೂ ಎರಡನೆಯದು ಇವತ್ತೇ ಬೇಕು.

ಕೋರಿಕೆ ಯಾವುದೆಂದು ನಾವೇ ಊಹಿಸಬಾರದು, ಕೇಳಬೇಕು. ಬಾರ್ತಿಮಾಯ ಕುರುಡನೆಂದು ಕಾಣುತ್ತಲೇ ಇತ್ತು, ಆದರೂ ಯೇಸು "ನಾನು ನಿನಗೆ ಏನು ಮಾಡಬೇಕೆಂದು ಬಯಸುತ್ತೀ" ಎಂದು ಕೇಳಿದನು. ಕಾಯಿಲೆಯವರ ಬಳಿ ಹೋಗಿ "ನಿಮಗಾಗಿ ಏನಂತ ಬೇಡಿಕೊಳ್ಳಲಿ?" ಎಂದು ಕೇಳಿದರೆ ಎಷ್ಟೋ ಸಲ ಕಾಯಿಲೆಯ ಮಾತೇ ಬರುವುದಿಲ್ಲ. ಮಾತು ಬಿಟ್ಟ ಮಗನ ವಿಷಯ ಬರುತ್ತದೆ, ಅಥವಾ ರಾತ್ರಿ ಒಬ್ಬರೇ ಇರುವಾಗ ಆಗುವ ಹೆದರಿಕೆಯ ವಿಷಯ. ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ.

ಕೆಲಸದ ವಿಧಾನ

ಮರೆವಿಗೆ ಮದ್ದು ಸುಲಭ. "ನಮಗಾಗಿ ಪ್ರಾರ್ಥಿಸಿ" ಎಂದು ಯಾರಾದರೂ ಅಂದರೆ ಅಲ್ಲೇ, ಆಗಲೇ, ಅವರ ಅನುಮತಿ ಕೇಳಿ ಒಂದು ನಿಮಿಷ ಪ್ರಾರ್ಥಿಸಿಬಿಡಿ. ನಾಲ್ಕು ವಾಕ್ಯ ಸಾಕು: ದೇವರು ಎಂಥವನು ಎಂಬುದು ಒಂದು, ಈ ವ್ಯಕ್ತಿಗೆ ಬೇಕಾದದ್ದು ಒಂದು, ಒಳಗಿನ ಕೋರಿಕೆ ಒಂದು, ನಿನ್ನ ಕೈಗೆ ಕೊಟ್ಟಿದ್ದೇವೆ ಎಂಬುದು ಒಂದು. ಫೋನಿನಲ್ಲಾದರೂ ಹೀಗೆಯೇ. ಅಕ್ಕ ಮಿರ್ಯಾಮಳಿಗೆ ಕುಷ್ಠ ಹತ್ತಿದಾಗ ಮೋಶೆ ಬೇಡಿದ ಪ್ರಾರ್ಥನೆ (ಅರಣ್ಯಕಾಂಡ 12:13) ಹೀಬ್ರೂ ಮೂಲದಲ್ಲಿ ಐದೇ ಪದ. ಉದ್ದಕ್ಕೂ ಭಾರಕ್ಕೂ ಸಂಬಂಧವಿಲ್ಲ.

ದಿನವೂ ಪ್ರಾರ್ಥಿಸುವವರಿಗೆ ಒಂದು ನೋಟ್‌ಬುಕ್ ಬೇಕು. ತಾರೀಖು, ಹೆಸರು, ಕೋರಿಕೆ, ಒಂದು ವಚನ, ಕೊನೆಯಲ್ಲಿ ಏನಾಯಿತು ಎಂಬುದಕ್ಕೆ ಖಾಲಿ ಜಾಗ. ಎಲ್ಲರ ಹೆಸರನ್ನೂ ಪ್ರತಿದಿನ ಹೇಳಲು ಹೋಗಬೇಡಿ. ಎರಡನೇ ವಾರಕ್ಕೆ ಅದು ಹಾಜರಿ ಪುಸ್ತಕವಾಗುತ್ತದೆ, ಮೂರನೇ ವಾರಕ್ಕೆ ನಿಂತುಹೋಗುತ್ತದೆ. ತೀರಾ ಹತ್ತಿರದವರು ಅಥವಾ ತುರ್ತಿನಲ್ಲಿರುವವರು ನಾಲ್ಕೈದು ಮಂದಿ ದಿನವೂ ಇರಲಿ. ಉಳಿದವರನ್ನು ವಾರದ ಏಳು ದಿನಕ್ಕೆ ಹಂಚಿದರೆ, ದಿನಕ್ಕೆ ನಾಲ್ಕರಂತೆ 28 ಮಂದಿ ಹಿಡಿಸುತ್ತಾರೆ. ಒಬ್ಬರಿಗೆ ಎರಡು ನಿಮಿಷ ಅಂದರೂ ಇಪ್ಪತ್ತು ನಿಮಿಷದೊಳಗೆ ಮುಗಿಯುತ್ತದೆ.

ಮಾತು ಹೊರಡದ ದಿನ ಕೀರ್ತನೆಯನ್ನು ಹಿಡಿದುಕೊಳ್ಳಿ. 121ನೇ ಕೀರ್ತನೆಯಲ್ಲಿ ಎಂಟೇ ವಚನಗಳಿವೆ. ಹೀಬ್ರೂವಿನಲ್ಲಿ "ಕಾಯು" ಎಂಬ ಒಂದೇ ಕ್ರಿಯಾಪದ ಅಲ್ಲಿ ಆರು ಸಲ ಬರುತ್ತದೆ. "ನೀನು", "ನಿನ್ನನ್ನು" ಎಂದಿರುವಲ್ಲೆಲ್ಲ ಆ ವ್ಯಕ್ತಿಯ ಹೆಸರಿಟ್ಟು ನಿಧಾನವಾಗಿ ಓದಿದರೆ ಅದೇ ಒಂದು ಪೂರ್ಣ ಪ್ರಾರ್ಥನೆ.

ಗುಂಪಿನಲ್ಲಿ ಪ್ರಾರ್ಥಿಸುವಾಗ ಒಬ್ಬರು ಒಂದೇ ವಿಷಯ ಎತ್ತಿಕೊಳ್ಳಲಿ, ಎರಡು ನಿಮಿಷ ಮೀರದಿರಲಿ. ಕೋರಿಕೆ ಹೇಳುವುದಕ್ಕೇ ನಲವತ್ತು ನಿಮಿಷ ಹೋಗಿ ಪ್ರಾರ್ಥನೆಗೆ ಐದು ನಿಮಿಷ ಉಳಿಯುವುದು ಎಲ್ಲ ಕೂಟಗಳ ರೋಗ. ಕೋರಿಕೆ ಹೇಳಿದ ತಕ್ಷಣ ಅದಕ್ಕಾಗಿ ಪ್ರಾರ್ಥಿಸಿ, ಆಮೇಲೆ ಮುಂದಿನದನ್ನು ಕೇಳಿದರೆ ಈ ತೊಂದರೆ ಇರುವುದಿಲ್ಲ. ಸರಪಳಿ ಪ್ರಾರ್ಥನೆ (ಒಬ್ಬರ ನಂತರ ಒಬ್ಬರು ಸರದಿಯಂತೆ ಬಿಡದೆ ನಡೆಸುವ ಪ್ರಾರ್ಥನೆ) ಇಟ್ಟರೆ ಅರ್ಧ ಗಂಟೆಯ ಸರದಿ ಸಾಕು, ಒಂದು ದಿನಕ್ಕೆ 48 ಸರದಿ. ಒಬ್ಬರೇ ಮೂರು ಗಂಟೆ ಹೊತ್ತುಕೊಳ್ಳುವ ಶೌರ್ಯ ಬೇಡ. ಅಮಾಲೇಕ್ಯರ ಯುದ್ಧದ ದಿನ ಜನರಿಗಾಗಿ ಮೇಲೆತ್ತಿದ್ದ ಮೋಶೆಯ ಕೈಗಳೇ ಸೋತವು, ಆರೋನ ಮತ್ತು ಹೂರ ಅವನನ್ನು ಕಲ್ಲಿನ ಮೇಲೆ ಕೂರಿಸಿ ಆಚೆಗೊಬ್ಬ ಈಚೆಗೊಬ್ಬ ನಿಂತು ಸಂಜೆಯವರೆಗೆ ಆ ಕೈಗಳನ್ನು ಎತ್ತಿ ಹಿಡಿದರು.

ಎಲ್ಲಿ ಕೆಡುತ್ತದೆ

ಮೊದಲನೆಯದು ಹರಟೆ. "ಪ್ರಾರ್ಥನೆಗೋಸ್ಕರ ಹೇಳ್ತಾ ಇದ್ದೀನಿ" ಎಂಬ ಮುನ್ನುಡಿಯೊಂದಿಗೆ ಒಬ್ಬರ ಮನೆಯ ಗುಟ್ಟು ಹತ್ತು ಕಿವಿಗೆ ತಲುಪುತ್ತದೆ. ಆ ವ್ಯಕ್ತಿ ಇದೇ ಕೋಣೆಯಲ್ಲಿ ಕೂತಿದ್ದರೆ ಈ ಮಾತನ್ನು ಹೀಗೆಯೇ ಹೇಳುತ್ತಿದ್ದೆನಾ ಎಂದು ಒಮ್ಮೆ ಕೇಳಿಕೊಂಡರೆ ಅರ್ಧ ಮಾತು ಬಾಯಲ್ಲೇ ಉಳಿಯುತ್ತದೆ. ಹೆಸರು ಹೇಳದೆಯೂ ಪ್ರಾರ್ಥಿಸಬಹುದು, ದೇವರಿಗೆ ವಿಳಾಸ ಗೊತ್ತು.

ಎರಡನೆಯದು ಪ್ರಾರ್ಥನೆಯ ವೇಷದ ಉಪದೇಶ. ಕಣ್ಣು ಮುಚ್ಚಿಕೊಂಡು "ಕರ್ತನೇ, ಈ ಸಹೋದರನು ತನ್ನ ಕೋಪ ಬಿಡುವಂತೆ ಮಾಡು" ಎಂದು ಅವನ ಎದುರಿಗೇ ಹೇಳುವುದು. ದೇವರ ಕಡೆ ಮುಖಮಾಡಿ ಪಕ್ಕದವನಿಗೆ ಬೈಯುವ ಈ ಪದ್ಧತಿ ಗಂಡ ಹೆಂಡಿರ ನಡುವೆ, ತಾಯಿ ಮಕ್ಕಳ ನಡುವೆ ಬಹಳ. ಒಂಟಿಯಾಗಿ ಬೇಡುವಾಗಲೂ ಈ ಪ್ರಶ್ನೆ ಬೇಕು: ಇವನು ಬದಲಾಗಲಿ ಎಂದು ನಾನು ಬೇಡುತ್ತಿರುವುದು ಇವನ ಹಿತಕ್ಕೋ ನನ್ನ ಅನುಕೂಲಕ್ಕೋ?

ಮೂರನೆಯದರಷ್ಟು ಗಾಯ ಮಾಡುವುದು ಬೇರೊಂದಿಲ್ಲ. ವಾಸಿಯಾಗದ ರೋಗಿಗೆ "ನಿಮಗೆ ನಂಬಿಕೆ ಸಾಲದು" ಎನ್ನುವುದು. ಯಾಕೋಬನ ಪತ್ರ 5:14-15 ತೆರೆದು ನೋಡಿ. ರೋಗಿ ಮಾಡಬೇಕಾದ್ದು ಸಭೆಯ ಹಿರಿಯರನ್ನು ಕರೆಸುವುದಷ್ಟೆ, ನಂಬಿಕೆಯ ಪ್ರಾರ್ಥನೆ ಮಾಡಬೇಕಾದವರು ಹಿರಿಯರು. ಮಾರ್ಕ 2ರಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು ಮಾಳಿಗೆ ಬಿಚ್ಚಿ ಇಳಿಸಿದಾಗ ಯೇಸು ನೋಡಿದ್ದು "ಅವರ" ನಂಬಿಕೆಯನ್ನು. ನಂಬುವ ತ್ರಾಣವೂ ಇಲ್ಲದವರ ಪರವಾಗಿ ನಂಬುವುದೇ ವಿಜ್ಞಾಪನೆ. ಆ ಭಾರವನ್ನು ತಿರುಗಿಸಿ ಹಾಸಿಗೆ ಹಿಡಿದವರ ಮೇಲೆ ಹೊರಿಸುವುದು ವಚನವನ್ನೇ ತಲೆಕೆಳಗು ಮಾಡಿದಂತೆ. ಪ್ರಾರ್ಥಿಸಿದ್ದೇವೆ, ಇನ್ನು ಮಾತ್ರೆ ಬಿಡಿ ಎನ್ನುವವರೂ ಇದ್ದಾರೆ. ಪೌಲನ ಕೈಯಿಂದ ಎಷ್ಟೋ ಮಂದಿ ಗುಣವಾದರು, ಆದರೂ ತಿಮೊಥೆಯ ಹೊಟ್ಟೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದವನೂ (1 ತಿಮೊಥೆ 5:23), ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟುಬಂದೆ ಎಂದವನೂ (2 ತಿಮೊಥೆ 4:20) ಅವನೇ.

ಇನ್ನೊಂದು, ಕೈಕಾಲಿನ ಕೆಲಸಕ್ಕೆ ಬದಲಾಗಿ ಪ್ರಾರ್ಥನೆಯನ್ನು ಕೊಡುವುದು. ಪಾರಸಿಯ ಅರಸನ ಸೇವೆಯಲ್ಲಿದ್ದ ನೆಹೆಮೀಯನು ಕಿಸ್ಲೇವ್ ತಿಂಗಳಿನಿಂದ ನೀಸಾನ್ ತಿಂಗಳವರೆಗೆ, ಸುಮಾರು ನಾಲ್ಕು ತಿಂಗಳು, ಗೋಡೆ ಬಾಗಿಲು ಹಾಳಾಗಿದ್ದ ಯೆರೂಸಲೇಮಿಗಾಗಿ ಅಂಗಲಾಚಿದ. ಆಮೇಲೆ ಅರಸನ ಬಳಿ ರಜೆ ಕೇಳಿದ, ದಾರಿಯ ಅಧಿಪತಿಗಳಿಗೆ ಪತ್ರ ಕೇಳಿದ, ಬಾಗಿಲುಗಳಿಗೆ ಮರ ಕೇಳಿದ. ಹಸಿದವರಿಗಾಗಿ ಪ್ರಾರ್ಥಿಸಿ ಎದ್ದವರ ಮನೆಯಲ್ಲಿ ಅನ್ನವಿದ್ದರೆ ಉತ್ತರದ ಒಂದು ಪಾಲು ಆಗಲೇ ಅಲ್ಲಿದೆ.

ಕೊಟ್ಟು ಬರುವುದು

ಈಗ ಕಷ್ಟದ ಭಾಗ. ದೇವರಲ್ಲಿ ಭರವಸೆ ಇಡುವುದೆಂದರೆ ನಾನು ಕೇಳಿದ್ದು ಕೇಳಿದಂತೆಯೇ ಆಗುತ್ತದೆ ಎಂದು ಮನಸ್ಸನ್ನು ಬಲವಂತವಾಗಿ ಒಪ್ಪಿಸುವುದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಾಗಿ ಒಳಗೆ ಸಣ್ಣ ಸಂಶಯ ಬಂದರೂ ಪ್ರಾರ್ಥನೆ ಕೆಟ್ಟಿತು ಎಂದು ಹೆದರುತ್ತಾರೆ. ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ ಓದಿದರೆ ಆ ಹೆದರಿಕೆ ಹೋಗುತ್ತದೆ. ಹೆರೋದನು ಪೇತ್ರನನ್ನು ಸೆರೆಗೆ ಹಾಕಿ ನಾಲ್ಕು ನಾಲ್ಕು ಸಿಪಾಯಿಗಳ ನಾಲ್ಕು ತಂಡಗಳನ್ನು, ಅಂದರೆ 16 ಮಂದಿಯನ್ನು ಕಾವಲಿಟ್ಟ. ಸಭೆ ಆಸಕ್ತಿಯಿಂದ ಪ್ರಾರ್ಥಿಸುತ್ತಿತ್ತು. ದೂತನು ಬಿಡಿಸಿದ ಪೇತ್ರ ಬಂದು ಬಾಗಿಲು ತಟ್ಟಿದ. ರೋದೆ ಎಂಬ ಹುಡುಗಿ ಓಡಿಹೋಗಿ ಹೇಳಿದರೆ, ಅದಕ್ಕಾಗಿಯೇ ಪ್ರಾರ್ಥಿಸುತ್ತಿದ್ದವರು "ನಿನಗೆ ಹುಚ್ಚು" ಎಂದರು. ಅವರ ನಂಬಿಕೆ ಅಷ್ಟೇ ಇತ್ತು. ಉತ್ತರ ಆಗಲೇ ಬಾಗಿಲಲ್ಲಿ ನಿಂತಿತ್ತು.

ಆದರೆ ಅದೇ ಅಧ್ಯಾಯದ ಎರಡನೇ ವಚನದಲ್ಲಿ ಯೋಹಾನನ ಅಣ್ಣ ಯಾಕೋಬನನ್ನು ಹೆರೋದ ಕತ್ತಿಯಿಂದ ಕೊಲ್ಲಿಸಿದ. ಇಬ್ಬರೂ ಅಪೊಸ್ತಲರೇ. ಒಬ್ಬ ಸತ್ತ, ಒಬ್ಬ ಬಿಡುಗಡೆಯಾದ. ಯಾಕೆಂದು ಲೂಕನು ಒಂದು ಸಾಲೂ ಬರೆಯುವುದಿಲ್ಲ. ಆ ಖಾಲಿ ಜಾಗವನ್ನು ನಾವು ತುಂಬಿಸಲು ಹೋಗಬಾರದು. ಮಗುವನ್ನು ಕಳೆದುಕೊಂಡವರ ಮನೆಯಲ್ಲಿ "ದೇವರಿಗೆ ಒಂದು ಉದ್ದೇಶ ಇರುತ್ತೆ" ಎಂದು ವಿವರಣೆ ಕೊಡುವವರು ಲೂಕನಿಗಿಂತ ಹೆಚ್ಚು ಬಲ್ಲವರಂತೆ ಮಾತಾಡುತ್ತಾರೆ.

ಉತ್ತರ ಎಷ್ಟು ಸುತ್ತಿ ಬರಬಹುದೆಂಬುದಕ್ಕೆ ಪೌಲನದೇ ಒಂದು ಲೆಕ್ಕ ಇದೆ. ರೋಮಾಪುರದವರಿಗೆ 15:30-32ರಲ್ಲಿ ತನಗಾಗಿ ಮೂರು ವಿಷಯ ಬೇಡಿರೆಂದು ಕೋರುತ್ತಾನೆ: ಯೂದಾಯದ ಅವಿಶ್ವಾಸಿಗಳ ಕೈಯಿಂದ ತಪ್ಪಿಸಿಕೊಳ್ಳಬೇಕು, ಯೆರೂಸಲೇಮಿಗೆ ಒಯ್ಯುವ ಸಹಾಯವನ್ನು ದೇವಜನರು ಒಪ್ಪಬೇಕು, ಆಮೇಲೆ ಸಂತೋಷದಿಂದ ರೋಮಿಗೆ ಬರಬೇಕು. ಆದದ್ದೇನು? ಯೆರೂಸಲೇಮಿನ ಸಹೋದರರು ಸಂತೋಷದಿಂದ ಬರಮಾಡಿಕೊಂಡರು, ಸರಿ. ದೇವಾಲಯದಲ್ಲಿ ಜನ ಅವನನ್ನು ಹಿಡಿದು ಹೊಡೆದರು. ನಲವತ್ತಕ್ಕೂ ಹೆಚ್ಚು ಮಂದಿ ಅವನನ್ನು ಕೊಲ್ಲುವವರೆಗೆ ಉಣ್ಣುವುದಿಲ್ಲವೆಂದು ಶಪಥ ಮಾಡಿದರು. ಅವರ ಕೈಯಿಂದ ತಪ್ಪಿಸಿದವರು ರೋಮನ್ ಸೇನೆಯವರು: 200 ಸಿಪಾಯಿಗಳು, 70 ಕುದುರೆ ಸವಾರರು, 200 ಭರ್ಜಿಯವರು. ಕೈಸರೈಯದಲ್ಲಿ ಎರಡು ವರ್ಷ ಸೆರೆ. ಆಮೇಲೆ 276 ಜನರಿದ್ದ ಹಡಗು ಒಡೆಯಿತು, ಮಾಲ್ಟಾದಲ್ಲಿ ಮೂರು ತಿಂಗಳು ಕಳೆದವು. ಕಡೆಗೆ ರೋಮಿಗೆ ಬಂದ, ಕೈದಿಯಾಗಿ. ದಾರಿಯವರೆಗೂ ಎದುರುಗೊಳ್ಳಲು ಬಂದ ಸಹೋದರರನ್ನು ಕಂಡು ದೇವರನ್ನು ಸ್ತುತಿಸಿ ಧೈರ್ಯಗೊಂಡ ಎಂದು ಕೃತ್ಯಗಳು 28:15 ಹೇಳುತ್ತದೆ. ಮೂರು ಕೋರಿಕೆಗಳೂ ನೆರವೇರಿದವು. ರೋಮಿನ ವಿಶ್ವಾಸಿಗಳು ಪ್ರಾರ್ಥಿಸುವಾಗ ಕಣ್ಣಮುಂದೆ ತಂದುಕೊಂಡ ದಾರಿ ಇದಾಗಿರಲಾರದು.

ಪ್ರಾಚೀನ ಸಭೆಯ ಹೆಸರಾಂತ ಬೋಧಕ ಅಗಸ್ಟೀನನ ತಾಯಿ ಮೋನಿಕಾಳದ್ದೂ ಇಂಥದೇ. ಮಗ ತನ್ನನ್ನು ಬಿಟ್ಟು ರೋಮಿಗೆ ಹಡಗು ಹತ್ತದಿರಲಿ ಎಂದು ಕಾರ್ಥೇಜಿನ ಕಡಲ ದಡದಲ್ಲಿ ಆಕೆ ರಾತ್ರಿಯೆಲ್ಲ ಪ್ರಾರ್ಥಿಸಿದಳು. ಅದೇ ರಾತ್ರಿ ಅವನು ಕಣ್ಣುತಪ್ಪಿಸಿ ಹೊರಟುಹೋದ, 383ರಲ್ಲಿ. ರೋಮಿನಿಂದ ಮಿಲಾನಿಗೆ ಹೋದ, ಅಲ್ಲಿ ಬಿಷಪ್ ಆಂಬ್ರೋಸರ ಬೋಧನೆ ಕೇಳಿದ, 387ರ ಈಸ್ಟರ್‌ನಲ್ಲಿ ಅವರಿಂದಲೇ ದೀಕ್ಷಾಸ್ನಾನ ಹೊಂದಿದ. ಆ ರಾತ್ರಿಯ ಬೇಡಿಕೆ ಸಿಗದೆ ಹೋದದ್ದರಿಂದಲೇ ವರ್ಷಗಟ್ಟಲೆ ಬೇಡಿದ್ದು ಸಿಕ್ಕಿತು ಎಂದು ಮುಂದೆ ಮಗನೇ ಬರೆದುಕೊಂಡ.

ಕೊಟ್ಟು ಬರುವುದಕ್ಕೂ ಒಂದು ಕ್ರಮವಿದೆ. ನಿಮ್ಮ ಚಿಂತೆಯನ್ನೆಲ್ಲಾ ಆತನ ಮೇಲೆ ಹಾಕಿರಿ ಎನ್ನುವ 1 ಪೇತ್ರ 5:7ರ ಗ್ರೀಕ್ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ: ಲೂಕ 19:35, ಶಿಷ್ಯರು ಕತ್ತೆಮರಿಯ ಮೇಲೆ ತಮ್ಮ ಬಟ್ಟೆಗಳನ್ನು ಎಸೆದು ಹಾಕಿದ ಕಡೆ. ಎಸೆದ ಮೇಲೆ ಬಟ್ಟೆ ಕತ್ತೆಯ ಬೆನ್ನ ಮೇಲಿತ್ತು, ಹೆಗಲ ಮೇಲಿರಲಿಲ್ಲ. ಬೇಡಿ ಮುಗಿದ ಮೇಲೆ "ಇದು ಈಗ ನಿನ್ನ ಕೈಯಲ್ಲಿದೆ" ಎಂದು ಬಾಯಿಬಿಟ್ಟು ಹೇಳಿ. ಆ ವ್ಯಕ್ತಿಯ ವಿಷಯದಲ್ಲಿ ಆಗಲೇ ಆಗಿರುವ ಯಾವುದಾದರೂ ಒಂದು ಒಳಿತಿಗೆ ಕೃತಜ್ಞತೆ ಸಲ್ಲಿಸಿ. ಫಿಲಿಪ್ಪಿ 4:6 ಕೃತಜ್ಞತೆಯನ್ನು ಬೇಡಿಕೆಯ ಜೊತೆಗೇ ಇಟ್ಟಿದೆ, ಉತ್ತರದ ಆಚೆಗಲ್ಲ. ಆಮೇಲೆ ಎದ್ದುಹೋಗಿ. ರಾತ್ರಿ ಎರಡು ಗಂಟೆಗೆ ಚಿಂತೆ ಮತ್ತೆ ಬರುತ್ತದೆ, ಬಂದೇ ಬರುತ್ತದೆ. ಆಗ ಇಡೀ ಪ್ರಾರ್ಥನೆಯನ್ನು ಮೊದಲಿನಿಂದ ಎತ್ತಿಕೊಳ್ಳಬೇಡಿ, ಅದು ಚಿಂತೆಗೆ ಇನ್ನೊಂದು ಸುತ್ತು ಕೊಟ್ಟಂತೆ. "ಕರ್ತನೇ, ಅವಳು ನಿನ್ನವಳು" ಎಂಬಷ್ಟು ಒಂದೇ ವಾಕ್ಯ ಸಾಕು. ನಾಳೆ ಅದರದೇ ಹೊತ್ತಿಗೆ ಮತ್ತೆ ಪೂರ್ತಿಯಾಗಿ ಬೇಡಿ. ಹೀಗೆ ದಿನವೂ ಬೇಡುವುದು ಅಪನಂಬಿಕೆಯಲ್ಲ, ನ್ಯಾಯಕ್ಕಾಗಿ ಬಿಡದೆ ಮೊರೆಯಿಟ್ಟ ವಿಧವೆಯ ಸಾಮ್ಯಕಥೆಯನ್ನು (ಲೂಕ 18:1-8) ಯೇಸು ಹೇಳಿದ್ದೇ ಬೇಸರಗೊಳ್ಳದೆ ಬೇಡಲಿ ಎಂದು. ಆತನು ಬೇಡವೆಂದದ್ದು (ಮತ್ತಾಯ 6:7) ಹೆಚ್ಚು ಮಾತಾಡಿದರೆ ಕೆಲಸವಾಗುತ್ತದೆ ಎಂಬ ಲೆಕ್ಕಾಚಾರವನ್ನು.

ಹೆಸರನ್ನು ಯಾವಾಗ ಹೊಡೆದುಹಾಕಬೇಕು ಎಂಬ ಪ್ರಶ್ನೆಯೂ ಉಳಿಯುತ್ತದೆ. ಒಂದೊಂದು ಸಲ ದೇವರೇ ನಿಲ್ಲಿಸುತ್ತಾನೆ. ಯೊರ್ದನ್ ದಾಟಿ ಆ ನಾಡನ್ನು ನೋಡಬೇಕೆಂದು ಬೇಡಿದ ಮೋಶೆಗೆ ಸಾಕು, ಈ ಮಾತು ಇನ್ನು ಎತ್ತಬೇಡ ಎಂಬ ಉತ್ತರ ಬಂತು (ಧರ್ಮೋಪದೇಶಕಾಂಡ 3:26). ತನ್ನ ಶರೀರದಲ್ಲಿ ನಾಟಿದ ಮುಳ್ಳು ಎಂದು ತಾನೇ ಕರೆದ ಬಾಧೆಯನ್ನು ತೆಗೆಯೆಂದು ಮೂರು ಸಲ ಬೇಡಿದ ಪೌಲನಿಗೆ "ನನ್ನ ಕೃಪೆಯೇ ನಿನಗೆ ಸಾಕು" ಎಂಬ ಮಾತು ಸಿಕ್ಕಿತು. ಆದರೆ ಇಂಥ ಮಾತು ಬಂದದ್ದು ಬೇಡಿದವನಿಗೆ, ತನ್ನ ವಿಷಯದಲ್ಲಿ. ಇನ್ನೊಬ್ಬರಿಗೆ "ಇನ್ನು ನೀನು ಬೇಡಬೇಡ, ದೇವರು ನನಗೆ ತಿಳಿಸಿದ್ದಾನೆ" ಎಂದು ಹೇಳುವ ಅಧಿಕಾರ ಅದರಿಂದ ಹುಟ್ಟುವುದಿಲ್ಲ. ಸಾವು ಬಂದರೆ ಕೋರಿಕೆ ಮುಗಿಯಿತು. ದಾವೀದನು ಕಾಯಿಲೆಬಿದ್ದ ತನ್ನ ಮಗುವಿಗಾಗಿ ಏಳು ದಿನ ನೆಲದ ಮೇಲೆ ಬಿದ್ದುಕೊಂಡು ಉಪವಾಸವಿದ್ದ, ಮಗು ಸತ್ತಿತೆಂದು ತಿಳಿದಾಗ ಎದ್ದು, ಸ್ನಾನಮಾಡಿ, ಯೆಹೋವನ ಮಂದಿರಕ್ಕೆ ಹೋಗಿ ಆರಾಧಿಸಿ, ಮನೆಗೆ ಬಂದು ಊಟ ಮಾಡಿದ. ನೋಟ್‌ಬುಕ್ಕಿನಲ್ಲಿ ಅಂಥ ಹೆಸರನ್ನು ಅಳಿಸಬೇಡಿ. ಕೊನೆಯ ಖಾಲಿ ಜಾಗದಲ್ಲಿ ತಾರೀಖು ಬರೆಯಿರಿ, ಅದರ ಕೆಳಗಿನ ಸಾಲಿನಲ್ಲಿ ಅವರನ್ನು ಕಳೆದುಕೊಂಡವರ ಹೆಸರು ಬರೆಯಿರಿ.